ಪೊಟ್ಟಣ ಸುಟ್ಟ ಹೊಗೆ ಹಾಲಿಗೆ ಬರುವ ದಾರಿ

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿಯ ಎಪಿಎಂಸಿ ಅಂಗಳದಲ್ಲಿ ಟೊಮೆಟೊ ಸುಗ್ಗಿಯ ದಿನಗಳಲ್ಲಿ ಹಣ್ಣಿಗಿಂತ ಮೊದಲು ಕಣ್ಣಿಗೆ ಬೀಳುವುದು ಕ್ರೇಟುಗಳ ಸಾಲು. ಸುತ್ತಲೂ ಗಾಳಿಕಿಂಡಿಗಳಿರುವ, 15 ಕಿಲೋ ಹಣ್ಣು ಹಿಡಿಸುವ ಪ್ಲಾಸ್ಟಿಕ್ ಪೆಟ್ಟಿಗೆ ಅದು. ತೋಟಕ್ಕೆ ಖಾಲಿ ಹೋಗುತ್ತದೆ, ತುಂಬಿಕೊಂಡು ಮಂಡಿಗೆ ಬರುತ್ತದೆ, ಹಣ್ಣು ಇಳಿಸಿ ಮತ್ತೆ ತೋಟದ ದಾರಿ ಹಿಡಿಯುತ್ತದೆ. ಮೂಲೆ ಒಡೆದರೂ ಗುಜರಿಯವರು ಕಾಸು ಕೊಟ್ಟು ಕೊಳ್ಳುತ್ತಾರೆ. ಅಲ್ಲೇ ಪಕ್ಕದ ಟೀ ಅಂಗಡಿಯ ಮುಂದೆ ಪೊಟ್ಟಣಗಳ ಸರಗಳು ತೂಗುತ್ತಿರುತ್ತವೆ. ಚಿಪ್ಸು, ಪಾನ್ ಮಸಾಲ, ಶಾಂಪೂ, ಕಾಫಿಪುಡಿ. ಒಂದನ್ನು ಕಿತ್ತು, ಹರಿದು, ಒಳಗಿನದನ್ನು ಸುರಿದುಕೊಂಡು ಹೊದಿಕೆಯನ್ನು ಕೈಬಿಡಲು ಹಿಡಿಯುವ ಹೊತ್ತು ಎರಡು ನಿಮಿಷ. ಕ್ರೇಟೂ ಪ್ಲಾಸ್ಟಿಕ್ಕೇ, ಪೊಟ್ಟಣವೂ ಪ್ಲಾಸ್ಟಿಕ್ಕೇ. ಎರಡೂ ಸರಕಿನ ಹೊದಿಕೆಗಳೇ. ಮೊದಲನೆಯದು ರೈತನಿಗೆ ನೆರವಾಗಿ ನಿಂತಿದೆ. ಎರಡನೆಯದು ಅದೇ ರೈತನ ಹಾಲಿಗೆ, ಹಿಪ್ಪುನೇರಳೆ ಸೊಪ್ಪಿಗೆ, ತೋಟದ ಮಣ್ಣಿಗೆ ಕಂಟಕವಾಗಿ ಬೆಳೆಯುತ್ತಿದೆ. ಹೇಗೆಂದು ಸಾಕ್ಷ್ಯಗಳೊಂದಿಗೆ ಹೇಳುವುದು ಈ ಬರಹದ ಕೆಲಸ.

ಮೊದಲು ಪ್ಯಾಕಿಂಗ್‌ಗೆ ಸಲ್ಲಬೇಕಾದ ನ್ಯಾಯ ಸಲ್ಲಿಸಿಬಿಡೋಣ. ಸರಕನ್ನು ಒಂದೆಡೆ ಹಿಡಿದಿಡುವುದು, ಪೆಟ್ಟು ಧೂಳು ತೇವಗಳಿಂದ ಕಾಯುವುದು, ದೂರದೂರಿಗೆ ಸಾಗಿಸುವುದು, ಒಳಗೆ ಏನಿದೆ, ಎಷ್ಟಿದೆ, ಯಾವಾಗ ತಯಾರಾಯಿತು ಎಂದು ತಿಳಿಸುವುದು ಅದರ ಕೆಲಸ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜಿಸಿದಂತೆ, ಜಗತ್ತಿನಲ್ಲಿ ಬೆಳೆದ ಆಹಾರದ ಸುಮಾರು 14% ಕೊಯ್ಲಿನ ನಂತರ, ಚಿಲ್ಲರೆ ಅಂಗಡಿ ತಲುಪುವ ಮೊದಲೇ ಹಾಳಾಗುತ್ತದೆ. ಚಿಕ್ಕಬಳ್ಳಾಪುರದ ದಿಲ್‌ಖುಷ್ ದ್ರಾಕ್ಷಿ ರಟ್ಟಿನ ಪೆಟ್ಟಿಗೆಯಿಲ್ಲದೆ ಹೊರ ರಾಜ್ಯದ ಮಾರುಕಟ್ಟೆ ಮುಟ್ಟಲಾರದು. ಇಲ್ಲಿನ ಗುಲಾಬಿಗೂ ಮೊಗ್ಗು ನಲುಗದಂತೆ ಸುತ್ತುವ ಕಾಗದ ಬೇಕು. ನಂದಿನಿ ಹಾಲು ಬೆಳಗಿನ ಜಾವ ಮನೆಬಾಗಿಲಿಗೆ ಬರುವುದೂ ತೆಳುವಾದ ಪಾಲಿಥೀನ್ ಚೀಲದ ದಯೆಯಿಂದಲೇ. ಪ್ಯಾಕಿಂಗ್ ಬೇಡವೆನ್ನುವವರು ಒಮ್ಮೆ ಮಳೆಗಾಲದಲ್ಲಿ ದ್ರಾಕ್ಷಿ ಸಾಗಿಸಿ ನೋಡಬೇಕು.

ಆದರೆ ಹಾಲಿನ ಕವರಿಗೂ ಚಿಪ್ಸಿನ ಪೊಟ್ಟಣಕ್ಕೂ ಒಳರಚನೆಯಲ್ಲಿ ದೊಡ್ಡ ಅಂತರವಿದೆ. ಹಾಲಿನ ಕವರು ಪಾಲಿಥೀನ್ ಕುಲದ ಒಂದೇ ಬಗೆಯ ಪ್ಲಾಸ್ಟಿಕ್. ತೊಳೆದು ಕರಗಿಸಿದರೆ ಮತ್ತೊಂದು ವಸ್ತುವಾಗುತ್ತದೆ, ಹಾಗಾಗಿ ಅದಕ್ಕೆ ಬೆಲೆಯಿದೆ. ಹೊಳೆಯುವ ತಿಂಡಿ ಪೊಟ್ಟಣ ಹಲವು ಪದರಗಳ ಅಂಟಿಕೆ. ಹೊರಗೆ ಬಣ್ಣದ ಮುದ್ರಣ ಹಿಡಿಯುವ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್, ನಡುವೆ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಿಂತಲೂ ತೆಳುವಾದ ಅಲ್ಯೂಮಿನಿಯಂ ಲೇಪ, ಒಳಗೆ ಬಿಸಿಗೆ ಕರಗಿ ಬಾಯಿ ಮುಚ್ಚುವ ಪಾಲಿಥೀನ್. ಆಮ್ಲಜನಕ, ತೇವ, ಬೆಳಕು ಮೂರನ್ನೂ ತಡೆದು ಎಣ್ಣೆ ತಿಂಡಿಯನ್ನು ತಿಂಗಳುಗಟ್ಟಲೆ ಗರಿಗರಿಯಾಗಿಡುವ ಶಕ್ತಿ ಬರುವುದು ಈ ಅಂಟಿಕೆಯಿಂದಲೇ. ಮರುಬಳಕೆಗೆ ಅಡ್ಡಿಯಾಗುವುದೂ ಇದೇ. ಒಂದಕ್ಕೊಂದು ಬೆಸೆದ ಪದರಗಳನ್ನು ಲಾಭಕ್ಕೆ ಬರುವಂತೆ ಬಿಡಿಸುವ ದಾರಿ ಇನ್ನೂ ವ್ಯಾಪಕವಾಗಿ ಬಂದಿಲ್ಲ. ಎರಡು ಗ್ರಾಂ ತೂಗುವ ಪೊಟ್ಟಣಗಳನ್ನು 500 ಆಯ್ದರೆ ಒಂದು ಕಿಲೋ. ಆ ಕಿಲೋಗೂ ಗುಜರಿಯವರು ಕೈಚಾಚುವುದಿಲ್ಲ. ಚರಂಡಿ ಬದಿಯಲ್ಲಿ ಬಾಟಲಿ ಉಳಿಯದೆ ಪೊಟ್ಟಣ ಮಾತ್ರ ಉಳಿಯುವುದಕ್ಕೆ ಕಾರಣ ಇಷ್ಟೇ.

ಪೊಟ್ಟಣ ಹಳ್ಳಿಗೆ ಬಂದ ಕಥೆ ಹೀಗಿದೆ. ತಮಿಳುನಾಡಿನ ಕಡಲೂರಿನ ಸಣ್ಣ ಉದ್ಯಮಿಯೊಬ್ಬರು 1980ರ ಸುಮಾರಿಗೆ ಶಾಂಪೂವನ್ನು ಪುಟ್ಟ ಪೊಟ್ಟಣದಲ್ಲಿ ತುಂಬಿ ಮಾರಿದರು. ಬಾಟಲಿ ಕೊಳ್ಳಲಾಗದ ಕೂಲಿಯವರ ಕೈಗೂ ಅದು ಎಟುಕಿತು. ಅದರಲ್ಲಿ ನಿಜವಾದ ಸಮಾನತೆಯಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪೊಟ್ಟಣವನ್ನು ಹಳ್ಳಿಗೆ ತಲುಪಿಸಿದ ಲಾರಿಗಳು ಖಾಲಿ ಹೊದಿಕೆಯನ್ನು ಹಿಂದಕ್ಕೆ ಒಯ್ಯುವ ಏರ್ಪಾಡು ಮಾತ್ರ ಹುಟ್ಟಲೇ ಇಲ್ಲ.

ಒಟ್ಟು ಲೆಕ್ಕ ಇನ್ನೂ ಕಠೋರವಾಗಿದೆ. ಸಂಶೋಧಕ ರೋಲಂಡ್ ಗೇಯರ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2015ರವರೆಗೆ ಜಗತ್ತಿನಲ್ಲಿ ತಯಾರಾದ ಪ್ಲಾಸ್ಟಿಕ್ಕು 830 ಕೋಟಿ ಟನ್. ಅದರಲ್ಲಿ 630 ಕೋಟಿ ಟನ್ ಆಗಲೇ ಕಸವಾಗಿತ್ತು. ಆ ಕಸದಲ್ಲಿ ಮರುಬಳಕೆಯಾದದ್ದು 9%, ಸುಟ್ಟದ್ದು 12%, ಮಿಕ್ಕ 79% ಕಸದ ಗುಡ್ಡೆಗಳಲ್ಲೋ ಬಯಲಲ್ಲೋ ಉಳಿದಿದೆ. ಪ್ಲಾಸ್ಟಿಕ್ಕಿನ ಅತಿದೊಡ್ಡ ಗಿರಾಕಿ ಪ್ಯಾಕಿಂಗ್ ಉದ್ಯಮ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೀಡ್ಸ್ ವಿಶ್ವವಿದ್ಯಾಲಯದ ಅಧ್ಯಯನ, ಯಾರ ನಿರ್ವಹಣೆಗೂ ಸಿಗದೆ ಪರಿಸರಕ್ಕೆ ಸೇರುವ ಪ್ಲಾಸ್ಟಿಕ್ಕಿನಲ್ಲಿ ಭಾರತಕ್ಕೆ ಮೊದಲ ಸ್ಥಾನ ಕೊಟ್ಟಿದೆ: ವರ್ಷಕ್ಕೆ 93 ಲಕ್ಷ ಟನ್. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020–21ರಲ್ಲಿ ದೇಶದಲ್ಲಿ ಹುಟ್ಟಿದ ಪ್ಲಾಸ್ಟಿಕ್ ಕಸವೇ ಒಟ್ಟು ಸುಮಾರು 41 ಲಕ್ಷ ಟನ್ ಎಂದಿತ್ತು. ಎರಡು ಅಂಕಿಗಳ ನಡುವಿನ ಕಂದಕವೇ, ನಮ್ಮ ಕಸವನ್ನು ನಾವು ಎಷ್ಟು ಅರೆಬರೆಯಾಗಿ ಅಳೆಯುತ್ತಿದ್ದೇವೆ ಎಂಬುದಕ್ಕೆ ಸಾಕ್ಷಿ. ಲೀಡ್ಸ್ ಅಧ್ಯಯನದಲ್ಲಿ ನಮ್ಮ ಜಿಲ್ಲೆಗೆ ಮುಖ್ಯವಾದ ಇನ್ನೊಂದು ಅಂಕಿಯಿದೆ. ಆ 93 ಲಕ್ಷ ಟನ್ನಿನಲ್ಲಿ ಸುಮಾರು 58 ಲಕ್ಷ ಟನ್ ಬಯಲಲ್ಲಿ ಬೆಂಕಿಗೆ ಹೋಗುತ್ತದೆ.

ಆ ಬೆಂಕಿ ಎಲ್ಲಿ ಉರಿಯುತ್ತದೆ ಎಂದು ಹುಡುಕಬೇಕಾಗಿಲ್ಲ. ಶಿಡ್ಲಘಟ್ಟದಿಂದ ಗೌರಿಬಿದನೂರಿನವರೆಗೆ ಯಾವ ರಸ್ತೆ ಹಿಡಿದರೂ ಊರಂಚಿನ ಹಳ್ಳದ ಬದಿಯಲ್ಲಿ, ಕೆರೆಯಂಗಳದ ಮೂಲೆಯಲ್ಲಿ ಕರಕಲಾದ ಕಸದ ಗುಪ್ಪೆ ಕಾಣುತ್ತದೆ. ಬೆಳಗ್ಗೆ ಅಂಗಳ ಗುಡಿಸಿ ಕಸಕ್ಕೆ ಕಡ್ಡಿ ಗೀರುವುದನ್ನು ನಾವು ಶುಚಿತ್ವವೆಂದೇ ಕಲಿತುಬಂದವರು. ಅದು ಒಣ ಎಲೆ, ಕಡ್ಡಿಯ ಕಾಲದ ಪಾಠ. ಇವತ್ತಿನ ಗುಪ್ಪೆಯಲ್ಲಿ ಪೊಟ್ಟಣಗಳ ಜತೆ ಫ್ಲೆಕ್ಸ್ ಬ್ಯಾನರಿನ ತುಂಡು, ಹಳೆಯ ಚಪ್ಪಲಿ, ವೈರಿನ ಸಿಪ್ಪೆ, ಉಪ್ಪು ಹತ್ತಿದ ಊಟದ ತಟ್ಟೆ ಇರುತ್ತವೆ. ಫ್ಲೆಕ್ಸ್, ವೈರಿನ ಹೊದಿಕೆಗಳು ಪಿವಿಸಿ. ಅಂದರೆ ಅದರೊಳಗೆ ಕ್ಲೋರಿನ್ ಇದೆ. ಉಪ್ಪಿನಲ್ಲೂ ಇದೆ. ಇಂಗಾಲ, ಕ್ಲೋರಿನ್, ಚೂರು ತಾಮ್ರ ಒಟ್ಟಿಗೆ ಸೇರಿ ಹೊಗೆಯಾಡುತ್ತಾ ಮಂದವಾಗಿ ಉರಿದಾಗ ಡಯಾಕ್ಸಿನ್ ಎಂಬ ಸಂಯುಕ್ತಗಳು ಹುಟ್ಟುತ್ತವೆ. ಇವನ್ನು ನಾಶಮಾಡಲು 850 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ, ನಿಯಂತ್ರಿತ ಬೆಂಕಿ ಬೇಕು. ಬೀದಿ ಬದಿಯ ಗುಪ್ಪೆ ಆ ಮಟ್ಟಕ್ಕೆ ಏರುವುದಿಲ್ಲ. ಡಯಾಕ್ಸಿನ್ ಕಟ್ಟಿಕೊಳ್ಳಲು ಅನುಕೂಲವಾದ ಬಿಸಿಯಲ್ಲೇ ಗಂಟೆಗಟ್ಟಲೆ ಹೊಗೆಯಾಡುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಮನೆಕಸವನ್ನು ಪೀಪಾಯಿಯಲ್ಲಿ ಸುಟ್ಟು ಅಳೆದು 2000ದಲ್ಲಿ ಪ್ರಕಟಿಸಿದ ಫಲಿತಾಂಶ ಗಾಬರಿ ಹುಟ್ಟಿಸುವಂಥದ್ದು. ದಿನವೂ ಕಸ ಸುಡುವ ಎರಡರಿಂದ ನಲವತ್ತು ಮನೆಗಳು ಸೇರಿದರೆ ಸಾಕು, ದಿನಕ್ಕೆ 180 ಟನ್‌ಗೂ ಹೆಚ್ಚು ಕಸ ಸುಡುವ ಆಧುನಿಕ ನಗರ ಸ್ಥಾವರದಷ್ಟು ಡಯಾಕ್ಸಿನ್ ಹೊರಬೀಳುತ್ತದೆ. ನಮ್ಮ ಒಂದು ಬೀದಿ ಸಾಕು ಎಂದಾಯಿತು.

ಹೊಗೆ ಆರಿದ ಮೇಲೆ ಡಯಾಕ್ಸಿನ್ ಎಲ್ಲಿಗೆ ಹೋಗುತ್ತದೆ? ಅದು ಮಸಿಯ ಕಣಗಳಿಗೆ ಅಂಟಿಕೊಂಡು ಎಲೆಯ ಮೇಲೆ, ಹುಲ್ಲಿನ ಮೇಲೆ, ಮಣ್ಣಿನ ಮೇಲೆ ಕೂರುತ್ತದೆ. ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಆ ಹುಲ್ಲನ್ನು ಹಸು ಮೇಯುತ್ತದೆ. ಹಸುವಿನ ಕೊಬ್ಬಿಗೆ ಸೇರಿದ ಡಯಾಕ್ಸಿನ್ ಹೊರಬರುವ ಮುಖ್ಯ ದಾರಿಯೇ ಹಾಲಿನ ಜಿಡ್ಡು. ಬೂದಿ ಬಿದ್ದ ನೆಲ ಕೆದಕಿ ತಿನ್ನುವ ನಾಟಿಕೋಳಿಯ ಮೊಟ್ಟೆಯ ಹಳದಿಗೂ ಅದು ಸೇರುತ್ತದೆ. ಮನುಷ್ಯರಿಗೆ ತಗುಲುವ ಡಯಾಕ್ಸಿನ್‌ನಲ್ಲಿ 90%ಕ್ಕೂ ಹೆಚ್ಚು ಆಹಾರದ ಮೂಲಕ, ಅದರಲ್ಲೂ ಮಾಂಸ, ಹಾಲಿನ ಪದಾರ್ಥ, ಮೀನುಗಳ ಮೂಲಕ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಮ್ಮೆ ಮೈಸೇರಿದರೆ ಅದರ ಅರ್ಧ ಪ್ರಮಾಣ ಕಳೆಯಲು 7ರಿಂದ 11 ವರ್ಷ ಬೇಕು. ಡಯಾಕ್ಸಿನ್‌ಗಳಲ್ಲೇ ಅತ್ಯಂತ ವಿಷಕಾರಿಯಾದ ಟಿಸಿಡಿಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹಾಲನ್ನು ಕಾಯಿಸಿದರೆ, ಪಾಶ್ಚರೀಕರಿಸಿದರೆ ಅದು ಹೋಗುವುದಿಲ್ಲ. ಬೆಣ್ಣೆ ತುಪ್ಪ ಮಾಡಿದರೆ ಜಿಡ್ಡಿನ ಜತೆಗೇ ಬರುತ್ತದೆ.

ಹಾಲನ್ನೇ ನಂಬಿದ ಸೀಮೆಗೆ ಇದರಿಂದ ಏನಾಗಬಹುದು ಎನ್ನುವುದಕ್ಕೆ ಇಟಲಿಯ ಕಂಪಾನಿಯಾ ಪ್ರಾಂತ್ಯದ ಉದಾಹರಣೆಯಿದೆ. ನೇಪಲ್ಸ್ ನಗರದ ಸುತ್ತಲಿನ ಆ ಬಯಲು ಎಮ್ಮೆ ಹಾಲಿನ ಮೊಜರೆಲ್ಲಾ ಗಿಣ್ಣಿಗೆ ಹೆಸರಾದದ್ದು. ಅಲ್ಲಿ ವರ್ಷಗಟ್ಟಲೆ ಕಸವನ್ನು ಅಕ್ರಮವಾಗಿ ಸುರಿದು ಸುಡಲಾಯಿತು. ಜನ ಆ ನೆಲಕ್ಕೆ ಬೆಂಕಿಗಳ ನಾಡು ಎಂದೇ ಹೆಸರಿಟ್ಟರು. 2008ರಲ್ಲಿ ಕೆಲವು ಡೇರಿಗಳ ಎಮ್ಮೆ ಹಾಲಿನಲ್ಲಿ ಮಿತಿ ಮೀರಿದ ಡಯಾಕ್ಸಿನ್ ಪತ್ತೆಯಾಯಿತು. ದಕ್ಷಿಣ ಕೊರಿಯಾ ಆಮದು ನಿಲ್ಲಿಸಿತು, ಊರಿನ ಹೆಸರು ಕೇಳಿದರೆ ಕೊಳ್ಳುವವರು ಹಿಂಜರಿಯುವಂತಾಯಿತು. ತಪ್ಪು ಮಾಡದ ಡೇರಿಯವರೂ ಅದರಲ್ಲಿ ಬಿದ್ದರು. ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಬೋರ್‌ವೆಲ್ ಕೈಕೊಟ್ಟ ವರ್ಷವೂ ಒಲೆ ಉರಿಸಿದ್ದು ಹಾಲಿನ ಬಟವಾಡೆ. ಸಂಘದ ಕ್ಯಾನಿಗೆ ಹಾಲು ಹಾಕುವ ಹೆಣ್ಣುಮಗಳಿಗೆ ಜಿಡ್ಡಿನ ಅಂಶದ ಮೇಲೆ ದರ ಸಿಗುತ್ತದೆ. ಡಯಾಕ್ಸಿನ್ ಮನೆ ಮಾಡುವುದೂ ಅದೇ ಜಿಡ್ಡಿನಲ್ಲಿ.

ಹಸುವಿನ ಹೊಟ್ಟೆಗೆ ಪೊಟ್ಟಣ ನೇರವಾಗಿ ಹೋಗುವ ದಾರಿ ಇನ್ನೊಂದಿದೆ. ಊಟದ ಎಂಜಲನ್ನು ಕವರಿಗೆ ಕಟ್ಟಿ ಎಸೆದರೆ ದನ ಕವರನ್ನೂ ಸೇರಿಸಿ ನುಂಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಿಂದ ಅದು ಮುಂದಕ್ಕೆ ಸರಿಯದು, ವಾಂತಿಯಾಗಿಯೂ ಬಾರದು, ವರ್ಷಗಳ ಕಾಲ ಗಂಟಾಗಿ ಬೆಳೆಯುತ್ತದೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ ಬಾಗೇಪಲ್ಲಿ ಹಾದುಹೋಗುವ ಚಿತ್ರಾವತಿಯ ದಂಡೆಯಲ್ಲೇ ಆಂಧ್ರದ ಪುಟ್ಟಪರ್ತಿಯಿದೆ. ಅಲ್ಲಿನ ಕರುಣಾ ಸೊಸೈಟಿ ಎಂಬ ಪ್ರಾಣಿದಯಾ ಸಂಸ್ಥೆ ಬೀದಿ ದನಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರತೆಗೆಸಿತು. 2012ರಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. ಅದೇ ವರ್ಷ ಬಂದ ಪ್ಲಾಸ್ಟಿಕ್ ಕೌ ಎಂಬ ಸಾಕ್ಷ್ಯಚಿತ್ರದಲ್ಲಿ ಆ ದೃಶ್ಯಗಳಿವೆ. ನೋಡಲು ಧೈರ್ಯ ಬೇಕು, ನೋಡಲೇಬೇಕು.

ಇನ್ನು ಸುಡದೆ ಉಳಿದ ಪೊಟ್ಟಣ. ಅದು ಮೊದಲು ಸೇರುವುದು ತಿಪ್ಪೆಗೆ. ಕೊಟ್ಟಿಗೆಯ ಸಗಣಿ, ಮನೆ ಗುಡಿಸಿದ ಕಸ, ಒಲೆಯ ಬೂದಿ ಎಲ್ಲವೂ ಒಂದೇ ಗುಂಡಿಗೆ ಬೀಳುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಎಲ್ಲವೂ ಕೊಳೆಯುತ್ತಿದ್ದಾಗ ಇದರಷ್ಟು ಒಳ್ಳೆಯ ಪದ್ಧತಿ ಬೇರೆ ಇರಲಿಲ್ಲ. ಈಗ ಮುಂಗಾರಿಗೆ ಮೊದಲು ಟ್ರ್ಯಾಕ್ಟರಿನಲ್ಲಿ ಗೊಬ್ಬರ ಹೊಡೆದು ರಾಗಿ ಹೊಲಕ್ಕೆ ಹರಡಿದಾಗ ಪೊಟ್ಟಣಗಳೂ ಹರಡುತ್ತವೆ. ನೇಗಿಲು, ರೋಟವೇಟರು ಅವನ್ನು ಚೂರು ಮಾಡುತ್ತವೆ, ಬಿಸಿಲಿನ ಅತಿನೇರಳೆ ಕಿರಣಗಳು ಪುಡಿ ಮಾಡುತ್ತವೆ. ಐದು ಮಿಲಿಮೀಟರಿಗಿಂತ ಸಣ್ಣದಾದರೆ ಅದು ಮೈಕ್ರೋಪ್ಲಾಸ್ಟಿಕ್. ಜರ್ಮನಿಯ ಸಂಶೋಧಕರು 2018ರಲ್ಲಿ ತೋರಿಸಿದಂತೆ, ಮನೆಗಳ ಹಸಿಕಸದಿಂದ ಮಾಡಿದ ಗೊಬ್ಬರವೇ ಮೈಕ್ರೋಪ್ಲಾಸ್ಟಿಕ್ಕನ್ನು ಹೊಲಕ್ಕೆ ಒಯ್ಯುವ ವಾಹನವಾಗಿದೆ. ಅಲ್ಲಿ ಹಸಿಕಸ ಬೇರ್ಪಡಿಸಿಯೂ ಹೀಗೆ. ಬೇರ್ಪಡಿಸದ ನಮ್ಮ ತಿಪ್ಪೆಯ ಪಾಡು ಹೇಳಬೇಕಾಗಿಲ್ಲ.

ಹೊಲಕ್ಕೆ ಬಂದದ್ದು ಹೊಲದಲ್ಲೇ ನಿಲ್ಲುವುದಿಲ್ಲ. ಚೀನಾದ ಸಂಶೋಧಕರು 2020ರಲ್ಲಿ ಪ್ರಯೋಗಾಲಯದಲ್ಲಿ ಗೋಧಿ ಮತ್ತು ಲೆಟ್ಯೂಸ್ ಸಸಿಗಳನ್ನು ಅತಿಸಣ್ಣ ಪ್ಲಾಸ್ಟಿಕ್ ಕಣಗಳಿದ್ದ ನೀರಿನಲ್ಲಿ ಬೆಳೆಸಿದರು. ಕವಲು ಬೇರು ಒಡೆಯುವ ಜಾಗದ ಬಿರುಕಿನ ಮೂಲಕ ಕಣಗಳು ಒಳಹೊಕ್ಕು, ನೀರೇರುವ ನಾಳಗಳಲ್ಲಿ ಕಾಂಡದವರೆಗೂ ಏರಿದವು. ಟೊಮೆಟೊ, ದಪ್ಪಮೆಣಸಿನಕಾಯಿ ತೋಟಗಳಿಗೆ ಹಾಸುವ ಮಲ್ಚಿಂಗ್ ಶೀಟಿನ ಮಾತೂ ಇಲ್ಲಿ ಬರುತ್ತದೆ. ಅದೂ ಒಂದು ಬಗೆಯ ಹೊದಿಕೆಯೇ, ಮಣ್ಣಿಗೆ ಹೊದಿಸುವುದು ಅಷ್ಟೇ. ನೀರು ಉಳಿಸುತ್ತದೆ, ಕಳೆ ತಡೆಯುತ್ತದೆ. ಬೋರ್‌ವೆಲ್ ನೀರನ್ನೇ ನಂಬಿದ ಈ ಬಯಲಿನಲ್ಲಿ ಅದರ ಉಪಕಾರ ಸಣ್ಣದಲ್ಲ. ಆದರೆ ತೆಳುವಾದ ಶೀಟನ್ನು ಬೆಳೆ ಮುಗಿದ ಮೇಲೆ ಇಡಿಯಾಗಿ ಎಳೆದು ತೆಗೆಯಲಾಗುವುದಿಲ್ಲ. ಚೀನಾ ದಶಕಗಳ ಕಾಲ ಹತ್ತು ಮೈಕ್ರಾನಿಗಿಂತ ತೆಳುವಾದ ಶೀಟು ಬಳಸಿ, ಚೂರುಗಳು ಮಣ್ಣಲ್ಲಿ ಕಿಕ್ಕಿರಿದು ಬೇರಿಗೆ, ನೀರಿಗೆ ದಾರಿ ಕಟ್ಟಿದ ಮೇಲೆ, ಇಳುವರಿ ಕುಗ್ಗುವುದನ್ನು ಕಂಡ ಮೇಲೆ, 2017ರಲ್ಲಿ ಹತ್ತು ಮೈಕ್ರಾನ್ ಕನಿಷ್ಠ ದಪ್ಪವೆಂದು ಕಡ್ಡಾಯ ಮಾಡಿತು. ಅಷ್ಟರೊಳಗೆ ಬಿದ್ದ ಚೂರುಗಳನ್ನು ಪೂರ್ತಿಯಾಗಿ ಆಯುವುದು ಸುಲಭವಲ್ಲ. ಔಷಧಿ ಹೊಡೆದು ಬದುವಿನ ಮೇಲೆ ಬಿಟ್ಟ ಕೀಟನಾಶಕದ ಬಾಟಲಿಗಳದ್ದು ಇನ್ನೂ ತುರ್ತಿನ ಅಪಾಯ. ಮೂರು ಬಾರಿ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಬಾಟಲಿಗೆ ತೂತು ಮಾಡಿ ಬೇರೆಯಾಗಿ ಕೊಡಬೇಕು. ಅದನ್ನು ಸುಡುವುದಂತೂ ಮಹಾ ಅಪಾಯ.

ಬೇರೆ ಜಿಲ್ಲೆಗಳಿಗಿಂತ ಇಲ್ಲಿ ಚಿಂತೆ ಹೆಚ್ಚಾಗಲು ನೆಲದ ಗುಣವೂ ಕಾರಣ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಇಲ್ಲಿನ ಬೆಟ್ಟಗಳ ಸುತ್ತಮುತ್ತ ಹುಟ್ಟುತ್ತವೆ, ಆದರೆ ವರ್ಷವಿಡೀ ಹರಿಯುವ ಒಂದು ಹೊಳೆಯೂ ಜಿಲ್ಲೆಗಿಲ್ಲ. ಮಳೆನೀರನ್ನು ಒಂದರ ಕೆಳಗೊಂದು ಕೆರೆ ಕಟ್ಟಿ ಹಿಡಿದಿಟ್ಟವರು ನಮ್ಮ ಹಿರಿಯರು. ಹೀಗಾಗಿ ಬಯಲಿನಲ್ಲಿ ಎಸೆದದ್ದೆಲ್ಲ ಕಾಲುವೆ ಹಿಡಿದು ಕೆರೆಗೆ ಬರುತ್ತದೆ, ಕೆರೆಯ ಹೂಳಿನಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ಆ ಹೂಳನ್ನೇ ಗೋಡು ಎಂದು ತೋಟಕ್ಕೆ ಹೊಡೆಯುತ್ತೇವೆ. 2021ರ ಹಿಂಗಾರಿನಲ್ಲಿ ಆದಂತೆ ಅಪರೂಪಕ್ಕೊಮ್ಮೆ ಕೆರೆಗಳೆಲ್ಲ ಕೋಡಿ ಬಿದ್ದಾಗ ಕೆಳಗಿನ ಊರುಗಳಿಗೆ, ಗಡಿಯಾಚೆಯ ಹಿಂದೂಪುರ, ಪುಟ್ಟಪರ್ತಿಗಳ ಕಡೆಗೆ ತೇಲಿಹೋಗುತ್ತದೆ.

ಈ ಕೆರೆಗಳಿಗೆ ಈಗ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರೂ ಸೇರುತ್ತಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯದು ದಿನಕ್ಕೆ 21 ಕೋಟಿ ಲೀಟರಿನ ಗುರಿ. ಚಿಂತಾಮಣಿಯ ಕೆಲವು ಕೆರೆಗಳಿಗೆ ಬರುವುದು ಇಂಥದೇ ಇನ್ನೊಂದು ಯೋಜನೆಯಾದ ಕೆ.ಸಿ. ವ್ಯಾಲಿಯ (ಕೋರಮಂಗಲ–ಚಲ್ಲಘಟ್ಟ ಕಣಿವೆ) ನೀರು. ಅಂತರ್ಜಲ ಮೇಲೆದ್ದಿದೆ ಎಂದು ಹಿಗ್ಗಿದ ರೈತರ ಸಂತೋಷ ನಿಜವಾದದ್ದು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕು ಎಂದು ಇಲ್ಲಿನ ನೀರಾವರಿ ಹೋರಾಟಗಾರರು ಕೇಳುತ್ತಿರುವುದೂ ಅಷ್ಟೇ ನ್ಯಾಯವಾದದ್ದು. ಹಲವು ದೇಶಗಳ ಸ್ಥಾವರಗಳ ಅಧ್ಯಯನಗಳನ್ನು ಒಟ್ಟುಮಾಡಿ 2020ರಲ್ಲಿ ಬಂದ ವಿಮರ್ಶೆಯೊಂದು, ಎರಡು ಹಂತದಲ್ಲಿ ಸರಾಸರಿ 88%, ಮೂರು ಹಂತದಲ್ಲಿ 94% ಮೈಕ್ರೋಪ್ಲಾಸ್ಟಿಕ್ ತೆಗೆಯಬಹುದು ಎಂದಿದೆ. ಅಂದರೆ ಎರಡನೆಯ ಹಂತಕ್ಕೇ ನಿಂತರೆ ಉಳಿಯುವ ಕಣಗಳು ಎರಡು ಪಟ್ಟು. ಕೋಟಿಗಟ್ಟಲೆ ಲೀಟರಿಗೆ ಅದನ್ನು ಗುಣಿಸಿ ನೋಡಿ. ಆ ಕಣಗಳಲ್ಲಿ ಬಟ್ಟೆಯ ನಾರಿನದು ದೊಡ್ಡ ಪಾಲು, ಪೊಟ್ಟಣದ ಚೂರಿನದೂ ಪಾಲಿದೆ.

ಮೈಯೊಳಗೆ ಇದು ಏನು ಮಾಡುತ್ತದೆ ಎಂಬ ಬಗ್ಗೆ ವಿಜ್ಞಾನ ಅಳತೆಯಿಟ್ಟು ಮಾತಾಡುತ್ತಿದೆ. 2022ರಲ್ಲಿ ನೆದರ್ಲೆಂಡ್ಸ್‌ನ ತಂಡ ಪರೀಕ್ಷಿಸಿದ 22 ಜನರಲ್ಲಿ 17 ಜನರ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳಿದ್ದವು. 2024ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಇಟಲಿಯ ಅಧ್ಯಯನ ಇನ್ನೂ ಗಂಭೀರ. ಕುತ್ತಿಗೆಯ ರಕ್ತನಾಳದಲ್ಲಿ ಕೊಬ್ಬುಗಟ್ಟಿ ಶಸ್ತ್ರಚಿಕಿತ್ಸೆಗೆ ಬಂದ 257 ರೋಗಿಗಳಲ್ಲಿ 150 ಜನರ ಕೊಬ್ಬಿನ ಗಂಟಿನಲ್ಲಿ ಪಾಲಿಥೀನ್ ಸಿಕ್ಕಿತು. ಪ್ಲಾಸ್ಟಿಕ್ ಕಣ ಸಿಕ್ಕವರಿಗೆ ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಂಭವ ಸಿಗದವರಿಗಿಂತ ನಾಲ್ಕೂವರೆ ಪಟ್ಟಿತ್ತು. ಕಣಗಳೇ ಕಾಯಿಲೆಗೆ ಕಾರಣ ಎಂದು ಈ ಅಧ್ಯಯನ ಸಾಬೀತು ಮಾಡಿಲ್ಲ, ಎರಡೂ ಒಟ್ಟಿಗೆ ಕಂಡವು ಎಂದಷ್ಟೇ ಹೇಳಿದೆ. ಎಚ್ಚರಿಕೆಗೆ ಅಷ್ಟು ಸಾಲದೇ? ತಂಬಾಕಿನ ಅಪಾಯವೂ ಮೊದಲು ಹೀಗೆ ಜತೆಜತೆಯಾಗಿ ಕಂಡ ಅಂಕಿಗಳಲ್ಲೇ ತಿಳಿದದ್ದು.

ಬಿಸಿ ತಿಂಡಿಗೂ ಪ್ಲಾಸ್ಟಿಕ್ಕಿಗೂ ನಂಟು ಬೆಳೆಸಿದ್ದು ನಾವೇ ಮಾಡಿಕೊಂಡ ಕೇಡು. ಖರಗ್‌ಪುರ ಐಐಟಿಯವರು ತೋರಿಸಿದಂತೆ, ಒಳಗೆ ಪ್ಲಾಸ್ಟಿಕ್ ಲೇಪವಿರುವ ಕಾಗದದ ಲೋಟದಲ್ಲಿ 85–90 ಡಿಗ್ರಿಯ 100 ಮಿ.ಲೀ. ನೀರು ಕಾಲು ಗಂಟೆ ನಿಂತರೆ ಆ ಲೇಪ ನೀರಿಗೆ ಸುಮಾರು 25,000 ಕಣ ಬಿಡುತ್ತದೆ. 2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು 251 ಕಡೆ ಪರಿಶೀಲಿಸಿದಾಗ 52 ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದುದು ಕಂಡಿತು. ಕೂಡಲೇ ನಿಷೇಧದ ಮಾತು ಬಂತು. ಅದೇ ಹೋಟೆಲಿನಿಂದ ಕುದಿಯುವ ಸಾಂಬಾರು ಕವರಿನಲ್ಲಿ ಪಾರ್ಸೆಲ್ ಹೋಗುವುದು ಮಾತ್ರ ಇಂದಿಗೂ ನಡೆದಿದೆ. ಹಾಗಂತ ಹಳೇ ಪೇಪರಿನಲ್ಲಿ ಬೋಂಡ ಕಟ್ಟಿಸಿಕೊಳ್ಳುವುದೂ ಪರಿಹಾರವಲ್ಲ. ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆಂದೇ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕಿಂಗ್ ನಿಯಮಗಳು ಅದನ್ನು ತಡೆದಿವೆ. ಬಾಳೆಲೆ, ಮುತ್ತುಗದ ಎಲೆ, ಮನೆಯಿಂದ ಒಯ್ದ ಸ್ಟೀಲ್ ಡಬ್ಬಿ ಇವಕ್ಕೆ ಯಾವ ನಿಯಮವೂ ಅಡ್ಡಬಂದಿಲ್ಲ.

ಹೊದಿಕೆಯ ಬಾಳಿಕೆ ಅದರ ಕೆಲಸಕ್ಕೆ ತಕ್ಕಷ್ಟೇ ಇರಬೇಕು ಎಂಬ ಮಾತನ್ನು ಶಿಡ್ಲಘಟ್ಟದವರಿಗೆ ವಿವರಿಸುವುದು ಸುಲಭ, ಅವರ ಇಡೀ ಊರು ಬದುಕಿರುವುದು ಒಂದು ಹೊದಿಕೆಯನ್ನು ಬಿಚ್ಚುವುದರಿಂದ. ರೇಷ್ಮೆ ಗೂಡು ಹುಳು ತನಗೆ ತಾನೇ ಕಟ್ಟಿಕೊಂಡ ಪ್ಯಾಕಿಂಗ್. ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರಿನಷ್ಟು ಉದ್ದದ ಒಂದೇ ಎಳೆ, ಎಳೆಗಳನ್ನು ಹಿಡಿದಿಡುವ ಸೆರಿಸಿನ್ ಎಂಬ ಅಂಟು. ಗಾಳಿಯಾಡುತ್ತದೆ, ತೇವ ಹದವಾಗಿರುತ್ತದೆ, ಪೆಟ್ಟು ತಡೆಯುತ್ತದೆ. ಒಳಗಿನ ಚಿಟ್ಟೆ ಬೆಳೆದಾಗ ತನ್ನ ಬಾಯಿರಸದಿಂದಲೇ ಅಂಟು ಕರಗಿಸಿ ಹೊರಬರುತ್ತದೆ. ಉಳಿದದ್ದು ಪ್ರೋಟೀನು, ಮಣ್ಣಿಗೆ ಬಿದ್ದರೆ ಮಣ್ಣಾಗುತ್ತದೆ. ಎಷ್ಟು ದಿನ ಕಾಯಬೇಕೋ ಅಷ್ಟು ದಿನಕ್ಕೆ ಹೊಂದುವ ಬಾಳಿಕೆ. ನಮ್ಮ ಪೊಟ್ಟಣ ತಪ್ಪಿರುವುದು ಈ ಅಳತೆಯಲ್ಲಿ. ಕೆಲವು ತಿಂಗಳ ಕೆಲಸಕ್ಕೆ ಶತಮಾನದ ವಸ್ತು ಹಾಕಿದ್ದೇವೆ. ಹುಳು ಸಾಕುವವರಿಗೆ ಹೊಗೆಯ ಭಯವೂ ಗೊತ್ತು. ಎಳೆಹುಳು ಸಾಕುವ ಚಾಕಿ ಮನೆಯ ಹತ್ತಿರ ಹೊಗೆ ಸುಳಿಯಗೊಡುವುದಿಲ್ಲ, ಪಕ್ಕದ ತೋಟದಲ್ಲಿ ಔಷಧಿ ಹೊಡೆದರೆ ಸೊಪ್ಪು ಕೊಯ್ಯುವುದಿಲ್ಲ. 1980ರ ದಶಕದ ಆರಂಭದಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ ಇಟ್ಟಿಗೆ ಗೂಡುಗಳ ಹೊಗೆಯಲ್ಲಿದ್ದ ಫ್ಲೋರೈಡ್ ಹಿಪ್ಪುನೇರಳೆ ಎಲೆಯ ಮೇಲೆ ಕೂತು, ತಿಂದ ಹುಳುಗಳು ಸತ್ತು, ಬೆಳೆ ಕೈತಪ್ಪಿತ್ತು. ಎಲೆಯ ಮೇಲೆ ಏನು ಕೂತಿದೆ ಎನ್ನುವುದು ಹುಳುವಿಗೆ ನಮಗಿಂತ ಮೊದಲು ಗೊತ್ತಾಗುತ್ತದೆ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕ್ಯಾರಿಬ್ಯಾಗ್, ತಟ್ಟೆ, ಲೋಟ, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. ಕೇಂದ್ರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ನಿಷೇಧಿಸಿತು. ಅದೇ ವರ್ಷದ ಕೊನೆಯಿಂದ ಕ್ಯಾರಿಬ್ಯಾಗ್ 120 ಮೈಕ್ರಾನ್ ದಪ್ಪವಿರಲೇಬೇಕು. ಆದರೆ ರಾಜ್ಯದ ಆದೇಶ, ಕಾರ್ಖಾನೆಯಲ್ಲೇ ಮುಚ್ಚಿ ಬರುವ ಪೊಟ್ಟಣವನ್ನು ಹೊರಗಿಟ್ಟಿತು. ಕೇಂದ್ರದ 2016ರ ನಿಯಮ, ಮರುಬಳಕೆಯಾಗದ ಬಹುಪದರದ ಪೊಟ್ಟಣಗಳನ್ನು ಎರಡು ವರ್ಷಗಳಲ್ಲಿ ಹಂತಹಂತವಾಗಿ ತೆಗೆಯಬೇಕು ಎಂದಿತ್ತು. 2018ರ ತಿದ್ದುಪಡಿಯಲ್ಲಿ ಅದಕ್ಕೆ, ಇಂಧನವಾಗಿ ಸುಡಲೂ ಬಾರದ, ಬೇರೆ ಉಪಯೋಗವೂ ಇಲ್ಲದ ಪೊಟ್ಟಣ ಎಂಬ ಷರತ್ತು ಸೇರಿತು. ಯಾವ ಪೊಟ್ಟಣವನ್ನಾದರೂ ಸುಡಬಹುದಲ್ಲ! ಅಲ್ಲಿಗೆ ಆ ನಿಯಮದ ಹಲ್ಲು ಕಿತ್ತಂತಾಯಿತು. ಬೀದಿಯ ಚಿಕ್ಕ ವ್ಯಾಪಾರಿಯ ಕವರಿಗೆ ದಂಡ, ದೊಡ್ಡ ಕಂಪನಿಯ ಪೊಟ್ಟಣಕ್ಕೆ ವಿನಾಯಿತಿ. ಇದು ಅನ್ಯಾಯವೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ. 2022ರಲ್ಲಿ ಉತ್ಪಾದಕರೇ ತಮ್ಮ ಕಸದ ಹೊಣೆ ಹೊರಬೇಕೆಂಬ ಮಾರ್ಗಸೂಚಿ ಬಂತು. ಮರುಬಳಕೆ ಮಾಡಿದವರಿಂದ ಕಂಪನಿಗಳು ಪ್ರಮಾಣಪತ್ರ ಕೊಳ್ಳುವ ಏರ್ಪಾಡು ಅದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳು ಸಿಕ್ಕವು. ಕಾಗದದ ಮೇಲೆ ಮರುಬಳಕೆಯಾದ ಆ ಪೊಟ್ಟಣಗಳು ನೆಲದ ಮೇಲೆ ಹಾಗೇ ಇವೆ.

ಮೆಕ್ಕೆಜೋಳದ ಪಿಷ್ಟದ ಕವರು, ಮಣ್ಣಲ್ಲಿ ಕರಗುವ ಕವರು ಎಂಬ ಜಾಹೀರಾತಿಗೂ ಬೇಗ ಮರುಳಾಗಬಾರದು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಜೈವಿಕವಾಗಿ ಕೊಳೆಯುತ್ತದೆ ಎಂದು ಅಚ್ಚು ಹಾಕಿದ್ದ ಚೀಲವನ್ನು ಮೂರು ವರ್ಷ ಮಣ್ಣಲ್ಲಿ ಹೂತು ತೆಗೆದರೆ, ಸಾಮಾನು ತುಂಬಿ ಎತ್ತುವಷ್ಟು ಗಟ್ಟಿಯಾಗಿತ್ತು.

ದಾರಿ ಇಲ್ಲದಿಲ್ಲ, ಕರ್ನಾಟಕದಲ್ಲೇ ಇದೆ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹತ್ತಾರು ಗ್ರಾಮ ಪಂಚಾಯಿತಿಗಳಿಗೆ ಒಟ್ಟಾಗಿ ದಿನಕ್ಕೆ 10 ಟನ್ ಒಣಕಸ ವಿಂಗಡಿಸಬಲ್ಲ ಘಟಕವಿದೆ. ಒಂದು ಪಂಚಾಯಿತಿಗೆ ಭಾರವಾದದ್ದು ಹತ್ತಾರು ಸೇರಿದಾಗ ಹಗುರವಾಗಿದೆ, ಕೊಳ್ಳುವವರಿಲ್ಲದ ಪೊಟ್ಟಣಗಳೂ ಬಯಲಿನ ಬೆಂಕಿಗೆ ಬೀಳದೆ ಒಂದು ಕಡೆ ಸೇರುತ್ತವೆ. ನಮ್ಮ ಪಂಚಾಯಿತಿಗಳಲ್ಲೂ ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿಗಳಿವೆ, ಓಡಿಸುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ತಪ್ಪದೆ ಸಂಬಳ, ಗಾಡಿಗೆ ಡೀಸೆಲ್, ತಂದದ್ದನ್ನು ಇಳಿಸಲು ತಾಲ್ಲೂಕಿಗೊಂದು ನಿಟ್ಟೆಯಂಥ ಘಟಕ ಬೇಕು. ಮನೆಯ ಪಾಲು ಇಷ್ಟು: ತಿಪ್ಪೆಗೆ ಪೊಟ್ಟಣ ಬೀಳಬಾರದು, ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಚೂರು ಉದುರಿಸಬಾರದು, ಕಸಕ್ಕೆ ಕಡ್ಡಿ ಗೀರಬಾರದು.

ಅಳತೆಯ ಕೆಲಸಕ್ಕೂ ಇಲ್ಲಿ ಜನ ಇದ್ದಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದ ಎಚ್. ನರಸಿಂಹಯ್ಯನವರು ಪುರಾವೆಯಿಲ್ಲದ್ದನ್ನು ಒಪ್ಪದಿರಲು ಕಲಿಸಿದ ನೆಲ ಇದು. ಕೆರೆಯ ಹೂಳನ್ನು ಒಣಗಿಸಿ, ಜರಡಿ ಹಿಡಿದು, ದಟ್ಟವಾದ ಉಪ್ಪುನೀರಿನಲ್ಲಿ ಕದಡಿ ಬಿಟ್ಟರೆ ಮಣ್ಣು ತಳಕ್ಕಿಳಿಯುತ್ತದೆ, ಪಾಲಿಥೀನ್ ಪಾಲಿಪ್ರೊಪಿಲೀನ್ ಚೂರುಗಳು ತೇಲುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಎಣಿಸಬಹುದು. ಯಾವ ಪದವಿ ಕಾಲೇಜಿನ ಪ್ರಯೋಗಾಲಯವೂ ಮಾಡಬಹುದಾದ ಕೆಲಸ ಇದು. ಚಿಕ್ಕಬಳ್ಳಾಪುರದ ಕಂದವಾರ ಕೆರೆಯಿಂದಲೇ ಶುರುಮಾಡಬಹುದು.

ಡಯಾಕ್ಸಿನ್ ಪರೀಕ್ಷೆ ಕಾಲೇಜಿನ ಕೈಯಳತೆಯದಲ್ಲ. ಒಂದು ಗ್ರಾಂ ಜಿಡ್ಡಿನಲ್ಲಿ ಗ್ರಾಮಿನ ಲಕ್ಷ ಕೋಟಿಯ ಒಂದು ಭಾಗವನ್ನು ಹಿಡಿಯುವ ದುಬಾರಿ ಉಪಕರಣ ಅದಕ್ಕೆ ಬೇಕು. ಅದನ್ನು ಮಾಡಿಸುವ ಹೊಣೆ ಹಾಲು ಒಕ್ಕೂಟದ್ದು ಮತ್ತು ಸರ್ಕಾರದ್ದು. ಹಾಲು ಹಾಕುವ ನೀವು ನಿಮ್ಮೂರ ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಎರಡು ಬೇಡಿಕೆ ಇಡಿ. ತಾಲ್ಲೂಕುವಾರು ಹಾಲಿನ ಮಾದರಿಗಳನ್ನು ಪ್ರತಿವರ್ಷ ಡಯಾಕ್ಸಿನ್‌ಗಾಗಿ ಪರೀಕ್ಷಿಸಿ ಫಲಿತಾಂಶವನ್ನು ಸಂಘದ ಗೋಡೆಗೆ ಹಚ್ಚಬೇಕು. ಸಂಘದ ಹಳ್ಳಿಯಲ್ಲಿ ಕಸ ಸುಡುವುದು ನಿಲ್ಲಬೇಕು. ಈ ಎರಡನ್ನೂ ನಿರ್ಣಯವಾಗಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ.